ಮೋರಿ ಎಲ್ಲಿದೆ ಎಂದು ಬಲ್ಲವರು

(ದತ್ತಿ ಉಪನ್ಯಾಸದ ಮುದ್ರಿತ ರೂಪ)

ನೆರೆ ಇಳಿದ ಮೇಲೆ ಮನೆಯೊಳಗೆ ಉಳಿಯುವ ಕೆಸರಿಗೆ ತನ್ನದೇ ಆದ ಪಂಚಾಂಗವಿದೆ. ಮೊದಲ ದಿನ ಅದು ಅಂಬಲಿ. ನಾಲ್ಕು ಕೊಡ ನೀರು ಹೊಯ್ದು ಕಸಬರಿಗೆಯಲ್ಲಿ ನೂಕಿದರೆ ಹೊಸ್ತಿಲು ದಾಟಿ ಹೋಗುತ್ತದೆ. ಮೂರನೆಯ ದಿನಕ್ಕೆ ಮುದ್ದೆ. ಆಗ ಸಲಿಕೆ ಬೇಕು, ಸಲಿಕೆಗೆ ಅಂಟಿದ್ದನ್ನು ಕೆರೆದು ಹಾಕಲು ಇನ್ನೊಬ್ಬರು ಬೇಕು. ವಾರ ಕಳೆದು ಬಿಸಿಲು ಬಿತ್ತೋ, ಅದರಲ್ಲೂ ಎರೆಹೊಲದ ಮಣ್ಣು ಬೆರೆತಿತ್ತೋ, ಇಟ್ಟಿಗೆ. ಹಾರೆಯಿಂದ ಎಬ್ಬಿಸಹೋದರೆ ನೆಲಕ್ಕೆ ಹಾಸಿದ ಬಂಡೆಯೂ ಅದರ ಜೊತೆಗೇ ಏಳುತ್ತದೆ.

ಹಾಗಾಗಿ ನೆರೆಯ ಊರಿಗೆ ಮೊದಲ ಮೂರು ದಿನಗಳಲ್ಲಿ ಸಾವಿರಾರು ಕೈ ಬೇಕು. ಸಾವಿರಾರು ಕೈ ಒಂದೇ ಊರಿನಲ್ಲಿ ಇರುವುದಿಲ್ಲ, ಇದ್ದವೂ ತಮ್ಮ ತಮ್ಮ ಮನೆಯ ಕೆಸರಿನಲ್ಲೇ ಹೂತಿರುತ್ತವೆ. ಹೊರಗಿನಿಂದ ಜನ ಬರಲೇಬೇಕು. ಬಂದವರಿಗೆ ಊರು ಹೊಸದು, ಪಕ್ಕದಲ್ಲಿ ನಿಂತವನೂ ಹೊಸಬ. ನಾಲ್ಕು ದಿನ ಕಳೆದು ಒಬ್ಬರಿಗೊಬ್ಬರು ಹೊಂದಿಕೊಂಡರು ಎನ್ನುವಷ್ಟರಲ್ಲಿ ಪಾಳಿ ಬದಲಾಗುತ್ತದೆ. ಹೀಗೆ ಆಳು ಬದಲಾದಾಗ ಕೆಲಸ ಏನಾಗುತ್ತದೆ ಎನ್ನುವುದೇ ಈ ಉಪನ್ಯಾಸದ ವಿಷಯ. ಆದವಾನಿಯ ಈ ಸೀಮೆಯಲ್ಲಿ ಕನ್ನಡದ ದತ್ತಿ ಉಪನ್ಯಾಸವೆಂದರೆ ಬಹುಮಟ್ಟಿಗೆ ದಾಸಸಾಹಿತ್ಯ. ಮಂತ್ರಾಲಯ ಒಂದು ದಡದಲ್ಲಿ, ವಿಜಯದಾಸರ ಚೀಕಲಪರವಿ ಇನ್ನೊಂದು ದಡದಲ್ಲಿ ಇರುವಾಗ ಅದು ಸಹಜವೇ. ಆ ಎರಡೂ ದಡಗಳ ನಡುವೆ ಹರಿಯುವ ತುಂಗಭದ್ರೆ ಬಿಟ್ಟುಹೋದ ಕೆಸರಿನ ಬಗ್ಗೆ ವೇದಿಕೆಯ ಮೇಲೆ ಮಾತಾಡಿದವರು ಕಡಿಮೆ.

2009ರ ಮುಂಗಾರು ಕೈಕೊಟ್ಟಿತ್ತು. ಆದವಾನಿ, ಆಲೂರು, ಎಮ್ಮಿಗನೂರಿನ ರೈತರು ಆ ವರ್ಷವನ್ನು ಬರದ ಲೆಕ್ಕಕ್ಕೆ ಬರೆದಿಟ್ಟಾಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದ ಮೇಲೆ, ಕರ್ನೂಲಿನ ಮೇಲೆ ಒಮ್ಮೆಗೇ ಆಕಾಶ ಹರಿಯಿತು. ಅಕ್ಟೋಬರ್ 2ರಂದು ಮಂತ್ರಾಲಯ ಮುಳುಗಿತು. 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದ ಮಂಚಾಲೆ ಅದೇ. ಆ ಊರನ್ನು ಮಠಕ್ಕೆ ಬಿಟ್ಟುಕೊಟ್ಟವನು ಆದವಾನಿಯ ಸಿದ್ದಿ ಮಸೂದ್ ಖಾನ್. ಆ ಮಠದ ಪ್ರಾಕಾರದೊಳಕ್ಕೇ ಹೊಳೆ ನುಗ್ಗಿತು. ಕೆಳಗೆ ನಾಗಲದಿನ್ನೆಯ ಸೇತುವೆ ಕೊಚ್ಚಿಹೋಯಿತು. ಇನ್ನೂ ಕೆಳಗೆ, ಹಂದ್ರಿ ಬಂದು ತುಂಗಭದ್ರೆಯನ್ನು ಸೇರುವಲ್ಲಿ, ಕರ್ನೂಲು ನಗರದ ಹಳೆಯ ಪೇಟೆಯೆಲ್ಲ ನೀರಿನ ಕೆಳಗೆ ಹೋಯಿತು. ಶ್ರೀಶೈಲ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ಸ್ ನೀರು ನುಗ್ಗಿ, 885 ಅಡಿಗೆ ತುಂಬಬೇಕಾದ ಜಲಾಶಯ 896 ಅಡಿಯ ಆಸುಪಾಸಿಗೆ ಏರಿದ್ದರಿಂದ ಮುಂದೆ ಹೋಗಲಾರದ ಹೊಳೆ ಹಿಂದಕ್ಕೆ ಒತ್ತಿತು.

ನೀರು ಇಳಿದಾಗ ಕರ್ನೂಲಿನ ಓಣಿಗಳಲ್ಲಿ ಕಂಡದ್ದು ರಸ್ತೆಯಲ್ಲ, ಕೆಸರಿನ ಗದ್ದೆ. ಬೇರೆ ಬೇರೆ ಊರಿನ ನಗರಸಭೆಗಳಿಂದ ಪೌರಕಾರ್ಮಿಕರನ್ನು ಲಾರಿಗಳಲ್ಲಿ, ಬಸ್ಸುಗಳಲ್ಲಿ ತಂದು ಇಳಿಸಲಾಯಿತು. ಅವರೆಲ್ಲ ನುರಿತವರೇ. ಸಲಿಕೆ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಎಂಥ ನುರಿತವರಿಗೂ ಹೊಸ ಊರಿನಲ್ಲಿ ಒಂದು ಸಂಗತಿ ಗೊತ್ತಿರುವುದಿಲ್ಲ. ಮೊಳಕಾಲುದ್ದದ ಕೆಸರಿನ ಕೆಳಗೆ ಮೋರಿ ಎಲ್ಲಿದೆ? ಎಡಗಡೆಯೋ, ಬಲಗಡೆಯೋ, ನಡುಬೀದಿಯಲ್ಲೋ? ಅದು ಯಾವ ಕಡೆಗೆ ಇಳಿಜಾರು? ಮುಚ್ಚಳದ ಕಲ್ಲು ಎಲ್ಲಿ ಒಡೆದಿದೆ, ಎಲ್ಲಿ ಕಾಲಿಟ್ಟರೆ ಸೊಂಟದವರೆಗೆ ಇಳಿಯಬಹುದು? ಇದನ್ನು ಬಲ್ಲ ಒಬ್ಬನಿದ್ದರೆ ಹತ್ತು ಜನರ ಗುಂಪು ಮಧ್ಯಾಹ್ನದೊಳಗೆ ಒಂದು ಓಣಿ ಬಿಡಿಸುತ್ತದೆ. ಅವನಿಲ್ಲದಿದ್ದರೆ ಅದೇ ಹತ್ತು ಜನ ಒಂದು ಮನೆಯ ಕೆಸರನ್ನು ಇನ್ನೊಂದು ಮನೆಯ ಬಾಗಿಲಿಗೆ ದಾಟಿಸುತ್ತಾರೆ. ಕೆಲಸ ಮಾಡಿಲ್ಲ ಎಂದು ಅವರನ್ನು ದೂರುವಂತಿಲ್ಲ, ಬೆವರು ಅಷ್ಟೇ ಸುರಿದಿರುತ್ತದೆ. (ಅಂದಹಾಗೆ ‘ಮೋರಿ’ ಎನ್ನುವುದು ಈ ಸೀಮೆಯಲ್ಲಿ ಕನ್ನಡಿಗ, ತೆಲುಗ, ದಕ್ಖನಿ ಉರ್ದು ಆಡುವವ ಮೂವರಿಗೂ ಗೊತ್ತಿರುವ ಪದ. ಆಂಧ್ರ ರಾಜ್ಯವಾದಾಗ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಮೋರಿ ಮಾತ್ರ ಮೂರು ಭಾಷೆಯಲ್ಲೂ ಮೋರಿಯಾಗಿಯೇ ಉಳಿಯಿತು.)

ಸರಕಾರಿ ಕಾಗದಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಮಸ್ಟರ್ ರೋಲ್‌ನಲ್ಲಿ ಇರುವುದು ತಲೆಗಳ ಎಣಿಕೆ ಮತ್ತು ಮಾನವ ದಿನಗಳ ಗುಣಾಕಾರ. ನೂರು ಜನ ಒಂದು ದಿನ ದುಡಿದರೂ ನೂರು ಮಾನವ ದಿನ, ಹತ್ತು ಜನ ಹತ್ತು ದಿನ ದುಡಿದರೂ ನೂರೇ. ಸೋಮವಾರದ ಹತ್ತು ಮಂದಿಯೇ ಗುರುವಾರವೂ ಬಂದರೋ, ದಿನಕ್ಕೆ ಹತ್ತರಂತೆ ಹೊಸಬರು ಬಂದರೋ, ಕಾಲಂ ಭರ್ತಿಯಾದರೆ ಬಿಲ್ಲು ಪಾಸು. ಕಂಪ್ಯೂಟರ್ ಲೋಕದವರಿಗೆ ಈ ಲೆಕ್ಕದ ಮೋಸ ಐವತ್ತು ವರ್ಷದ ಹಿಂದೆಯೇ ಅರ್ಥವಾಗಿತ್ತು. ಐಬಿಎಂನ ದೊಡ್ಡ ಯೋಜನೆಯೊಂದನ್ನು ನಡೆಸಿ ಕೈಸುಟ್ಟುಕೊಂಡ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ಪುಸ್ತಕದಲ್ಲಿ, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ವಾದಿಸಿದರು. ಬಂದ ಹೊಸಬನಿಗೆ ಹೇಳಿಕೊಡುವುದು ಬಲ್ಲವನ ಪಾಲಿಗೆ ಬೀಳುತ್ತದೆ, ಬಲ್ಲವನ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ತಲೆಗಳ ಲೆಕ್ಕ ಈ ಸೀಮೆಗೆ ಹಳೆಯದು. 1876–78ರ ದೊಡ್ಡ ಬರದಲ್ಲಿ ಮದ್ರಾಸ್ ಪ್ರಾಂತದ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆದವಾನಿ ಆಗ ಅದರ ತಾಲೂಕು. ಪರಿಹಾರದ ಖರ್ಚು ತಗ್ಗಿಸಲು ಬಂದ ಸರ್ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಗೊತ್ತುಮಾಡಿದ್ದು ಕುಪ್ರಸಿದ್ಧ. ಅದರ ಜೊತೆಗೇ ಬಂದ ಇನ್ನೊಂದು ನಿಯಮ ಅಷ್ಟು ಪ್ರಸಿದ್ಧವಲ್ಲ. ಅನ್ನ ಬೇಕಾದವರು ಮನೆಯಿಂದ ದೂರದ ಕಾಮಗಾರಿಗೇ ಹೋಗಬೇಕು ಎಂಬ ದೂರದ ಪರೀಕ್ಷೆ ಅದು. ನಿಜವಾಗಿ ಹಸಿದವರು ಮಾತ್ರ ಅಷ್ಟು ದೂರ ಬರುತ್ತಾರೆ ಎನ್ನುವುದು ಅದರ ತರ್ಕ. ಊರಿನ ಕೆರೆಯನ್ನು ತಲೆಮಾರುಗಳಿಂದ ಒಟ್ಟಾಗಿ ಹೂಳೆತ್ತಿದ್ದ ಜನ ಗುರುತಿಲ್ಲದ ರಸ್ತೆಯ ಮೇಲೆ ಗುರುತಿಲ್ಲದವರ ಪಕ್ಕ ಕಲ್ಲು ಒಡೆಯಲು ಕೂತರು.

ಒಟ್ಟಿಗೆ ದುಡಿದವರ ನಡುವೆ ಏನು ಬೆಳೆಯುತ್ತದೆ? ಸ್ನೇಹ ಎಂದು ಥಟ್ಟನೆ ಹೇಳಬಹುದು, ಆದರೆ ಅದಲ್ಲ. ಜಗಳಾಡುತ್ತಲೇ ಹದವಾಗಿ ಕೆಲಸ ಮಾಡುವ ಜೋಡಿಗಳು ಎಲ್ಲ ಊರಿನಲ್ಲೂ ಇವೆ. ಬೆಳೆಯುವುದು ಯಾರಿಗೆ ಏನು ಗೊತ್ತು ಎಂಬ ತಿಳಿವು. 1995ರಲ್ಲಿ ಅಮೆರಿಕದ ಮೂವರು ಸಂಶೋಧಕರು, ಲಿಯಾಂಗ್, ಮೋರ್‌ಲ್ಯಾಂಡ್ ಮತ್ತು ಆರ್ಗೋಟ್, ಇದನ್ನು ಸರಳವಾಗಿ ತೋರಿಸಿದರು. ರೇಡಿಯೋದ ಬಿಡಿಭಾಗಗಳನ್ನು ಜೋಡಿಸುವುದನ್ನು ಕೆಲವರಿಗೆ ಒಬ್ಬೊಬ್ಬರಾಗಿ, ಕೆಲವರಿಗೆ ಮೂವರ ಗುಂಪಿನಲ್ಲಿ ಕಲಿಸಿ, ವಾರದ ನಂತರ ಎಲ್ಲರನ್ನೂ ಮೂವರ ಗುಂಪಿನಲ್ಲಿ ಕೂರಿಸಿದರು. ಕಲಿಕೆ ಒಂದೇ. ಒಟ್ಟಿಗೆ ಕಲಿತವರು ಹೆಚ್ಚು ನೆನಪಿಟ್ಟರು, ತಪ್ಪು ಕಡಿಮೆ ಮಾಡಿದರು. ತಂತಿಯ ವಿಷಯ ಅವಳಿಗೆ ಬಿಡು, ಬಿಡಿಭಾಗ ನಾನು ನೋಡುತ್ತೇನೆ ಎನ್ನುವ ಮಾತಿಲ್ಲದ ಒಪ್ಪಂದ ಅವರೊಳಗೆ ಆಗಲೇ ಆಗಿತ್ತು.

ಇದಕ್ಕೆ ದೊಡ್ಡ ಪ್ರಮಾಣದ ಸಾಕ್ಷ್ಯ ಸಿಕ್ಕಿದ್ದು ಬೆಂಗಳೂರಿನ ಕಂಪನಿಯಿಂದಲೇ. ಹಕ್‌ಮನ್, ಸ್ಟಾಟ್ಸ್, ಅಪ್ಟನ್ ಎಂಬ ಮೂವರು ಸಂಶೋಧಕರು ವಿಪ್ರೋದ ಸಾವಿರದಷ್ಟು ಸಾಫ್ಟ್‌ವೇರ್ ಯೋಜನೆಗಳ ದಾಖಲೆ ಹಿಡಿದು 2009ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅದೇ ವರ್ಷ ಕರ್ನೂಲು ಮುಳುಗಿದ್ದು ಕಾಕತಾಳೀಯ. ಸದಸ್ಯರು ಹಿಂದೆ ಒಟ್ಟಿಗೆ ದುಡಿದ ಪ್ರಮಾಣ ಅರ್ಧದಷ್ಟು ಹೆಚ್ಚಿದರೆ ದೋಷಗಳು ಶೇಕಡಾ 19, ಬಜೆಟ್ಟಿನ ಏರುಪೇರು ಶೇಕಡಾ 30 ಇಳಿದಿದ್ದವು. ಒಬ್ಬೊಬ್ಬರ ಒಟ್ಟು ಅನುಭವದ ವರ್ಷಗಳನ್ನು ಕೂಡಿಸಿ ನೋಡಿದರೆ ಇಷ್ಟು ಖಚಿತವಾದ ಫಲ ಕಾಣಲಿಲ್ಲ. ವಿಮಾನಗಳ ಕಥೆ ಇನ್ನೂ ತೀಕ್ಷ್ಣ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1994ರಲ್ಲಿ ಹಳೆಯ ಅಪಘಾತಗಳನ್ನು ತಿರುವಿ ನೋಡಿದಾಗ, ಮಾಹಿತಿ ಸಿಕ್ಕ ಪ್ರಕರಣಗಳಲ್ಲಿ ಶೇಕಡಾ 73 ನಡೆದದ್ದು ಆ ಪೈಲಟ್‌ಗಳು ಜೊತೆಯಾಗಿ ಹಾರಿದ ಮೊದಲ ದಿನವೇ. ವಿಮಾನವೂ ಕಂಪ್ಯೂಟರೂ ಕೆಸರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಕೆಸರಿನ ಕೆಲಸದಲ್ಲಿ ಇಂಥ ಲೆಕ್ಕ ಇಟ್ಟವರು ಕಡಿಮೆ ಎನ್ನುವುದೂ ಅಷ್ಟೇ ನಿಜ. ಮಸ್ಟರ್ ರೋಲ್‌ನಲ್ಲಿ ಅದಕ್ಕೆ ಕಾಲಂ ಇಲ್ಲವಲ್ಲ.

ಆದರೆ ವಿಕೋಪದ ನಡುವೆ ಗುರುತಿಲ್ಲದವರ ಗುಂಪು ಹೇಗೆ ಒಡೆಯುತ್ತದೆ ಎನ್ನುವುದಕ್ಕೆ ಒಂದು ಘಟನೆ ಬಹಳ ಚರ್ಚೆಯಾಗಿದೆ. 1949ರ ಆಗಸ್ಟ್ 5, ಅಮೆರಿಕದ ಮೊಂಟಾನಾ ರಾಜ್ಯದ ಮಾನ್ ಗಲ್ಚ್ ಕಣಿವೆ. ಕಾಡ್ಗಿಚ್ಚು ಆರಿಸಲು ವಿಮಾನದಿಂದ ಜಿಗಿದವರು 15 ಮಂದಿ, ನೆಲದ ಮೇಲೆ ಅವರನ್ನು ಸೇರಿದ ಕಾಡಿನ ಕಾವಲುಗಾರ ಒಬ್ಬ. ಮುಖ್ಯಸ್ಥ ವ್ಯಾಗ್ ಡಾಜ್ ಅನುಭವಿ. ಆದರೆ ಆ ಬೇಸಿಗೆಯ ತರಬೇತಿಯಲ್ಲಿ ಅವನು ಈ ಹುಡುಗರ ಜೊತೆ ಇರಲಿಲ್ಲ, ಬೇರೆ ಕೆಲಸಕ್ಕೆ ಹಾಕಿದ್ದರು. ಬೆಂಕಿ ಹಿಂದಿನಿಂದ ಅಟ್ಟಿಸಿಕೊಂಡು ಬಂದಾಗ ಡಾಜ್ ಕಡ್ಡಿ ಗೀರಿ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಇಟ್ಟ. ಹುಲ್ಲು ಸುಟ್ಟು ಬೂದಿಯಾದ ಜಾಗದಲ್ಲಿ ಮಲಗಿ, ಬನ್ನಿ ಎಂದು ಕೂಗಿದ. ಯಾರೂ ಬರಲಿಲ್ಲ. ಹುಚ್ಚು ಹಿಡಿಯಿತೆಂದುಕೊಂಡು ಓಡಿದರು. 13 ಜನ ಸತ್ತರು. ಡಾಜ್ ಬದುಕಿದ. 1993ರಲ್ಲಿ ಇದನ್ನು ವಿಶ್ಲೇಷಿಸಿದ ಸಂಶೋಧಕ ಕಾರ್ಲ್ ವೈಕ್‌ ಅವರಿಗೆ ಮುಖ್ಯವಾಗಿ ಕಂಡದ್ದು ಬೆಂಕಿಯಲ್ಲ, ಒಬ್ಬನ ವಿಚಿತ್ರ ನಡೆಯನ್ನು ನಂಬಲು ಬೇಕಾದ ಹಿಂದಿನ ಪರಿಚಯವೇ ಅವರ ನಡುವೆ ಇರಲಿಲ್ಲ ಎನ್ನುವುದು.

ಆದವಾನಿಯ ಮಾರುಕಟ್ಟೆ ಯಾರ್ಡಿನ ಹಮಾಲರಿಗೆ ಇದನ್ನು ಹೇಳಿದರೆ ಇದಕ್ಕೆ ಸಂಶೋಧನೆ ಬೇಕಾಯಿತೇ ಎಂದಾರು. ಹತ್ತಿ, ಶೇಂಗಾ ಚೀಲಗಳ ಈ ಊರಿನಲ್ಲಿ ದುಡಿಮೆಯ ಘಟಕ ಒಬ್ಬ ಮನುಷ್ಯನಲ್ಲ, ಮುಠಾ, ಅಂದರೆ ಹಮಾಲರ ತಂಡ. ಅದಕ್ಕೊಬ್ಬ ಮೇಸ್ತ್ರಿ. ಎತ್ತಿ ಕೊಡುವವನ ಕೈಯ ವೇಗ ಹೊರುವವನ ಬೆನ್ನಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ.

ಪಶ್ಚಿಮ ಕರ್ನೂಲಿನ ಇನ್ನೊಂದು ದೊಡ್ಡ ಪಾಠಶಾಲೆ ಸುಗ್ಗಿ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದದ ಕಡೆಯ ಜನ ತಮ್ಮ ಹೊಲದಲ್ಲಿ ಕೆಲಸ ಮುಗಿದ ಮೇಲೆ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ಬೆಂಗಳೂರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ತೆಲುಗು ಪತ್ರಿಕೆಗಳೂ ಈ ವಲಸೆಗೆ ‘ಸುಗ್ಗಿ’ ಎಂದೇ ಬರೆಯುತ್ತವೆ. ಪದ ನಮ್ಮದು, ಸುಗ್ಗಿ ಮಾತ್ರ ಬೇರೆಯವರ ಹೊಲದ್ದು. ಹೊರಡುವುದು ಒಂಟಿ ಆಳಲ್ಲ. ಅಕ್ಕ, ನಾದಿನಿ, ಅಳಿಯ, ಪಕ್ಕದ ಮನೆಯ ಮುದುಕಿ, ಕಂಕುಳಲ್ಲಿ ಕೂಸು, ಎಲ್ಲ ಸೇರಿ ಒಂದು ಗುಂಪು. ಯಾರು ಸಾಲು ಮುಂದೆ ಎಳೆಯುತ್ತಾರೆ, ಯಾರು ಹಿಂದೆ ಬೀಳುತ್ತಾರೆ, ಯಾರು ಬೇಗ ಎದ್ದು ರೊಟ್ಟಿ ಬಡಿಯುತ್ತಾರೆ, ಲೆಕ್ಕದಲ್ಲಿ ಮಾಲೀಕನ ಜೊತೆ ಜಗಳಕ್ಕೆ ಯಾರನ್ನು ಕಳಿಸಬೇಕು, ಎಲ್ಲ ಮೊದಲೇ ಗೊತ್ತು. ಒಬ್ಬಳು ಜ್ವರ ಬಂದು ಉಳಿದರೆ ಅವಳ ಜಾಗಕ್ಕೆ ಬರುವವಳೂ ಅದೇ ಓಣಿಯವಳು. ಅಂದರೆ ಆಳು ಬದಲಾಗುತ್ತದೆ, ಅಪರಿಚಿತ ಆಳು ಬರುವುದಿಲ್ಲ. ಸಂಶೋಧಕರ ಪ್ರಯೋಗಾಲಯಗಳಲ್ಲಿ ಹೊಸಬ ಎಂದರೆ ಯಾರಿಗೂ ಗೊತ್ತಿಲ್ಲದವನು, ಕೋಸಿಗಿಯ ಗುಂಪಿನಲ್ಲಿ ಹೊಸಬಳು ಅರ್ಧ ಹಳಬಳೇ. ಇದನ್ನು ಹಾಡಿ ಹೊಗಳುವುದೂ ಬೇಡ. ಮುಂಗಡದ ಸಾಲ ಈ ಗುಂಪುಗಳನ್ನು ಕಟ್ಟುವ ಹಗ್ಗಗಳಲ್ಲಿ ಒಂದು, ಶಾಲೆ ಬಿಟ್ಟ ಮಕ್ಕಳು ಅದರ ಇನ್ನೊಂದು ತುದಿ. ಆದರೂ ವಿಕೋಪ ನಿರ್ವಹಣೆಯ ಕೈಪಿಡಿ ಬರೆಯುವವರು ಒಮ್ಮೆ ಈ ಗುಂಪಿನ ಹಿಂದೆ ಹೊಲದ ಬದುವಿನಲ್ಲಿ ಅರ್ಧ ದಿನ ಕುಳಿತರೆ ನಷ್ಟವೇನಿಲ್ಲ.

ಹಾಗಾದರೆ ಆಳನ್ನು ಬದಲಿಸಲೇಬಾರದೇ? ವಿಕೋಪದ ಕೆಲಸದಲ್ಲಿ ಆ ಸುಖ ಯಾರಿಗೂ ಇಲ್ಲ. ಕೊಳೆತ ದನ, ಬ್ಲೀಚಿಂಗ್ ಪೌಡರಿನ ಘಾಟು, ಒದ್ದೆ ಕಾಲಿನ ಹುಣ್ಣು, ನಿದ್ದೆಗೇಡು, ಇವೆಲ್ಲ ಕೆಲವೇ ದಿನಗಳಲ್ಲಿ ಗಟ್ಟಿ ಆಳನ್ನೂ ಮಲಗಿಸುತ್ತವೆ. ಇದರ ತುತ್ತತುದಿ ಚೆರ್ನೋಬಿಲ್. 1986ರ ಅಣು ದುರಂತದ ನಂತರ ಅಲ್ಲಿನ ಸ್ವಚ್ಛತೆಗೆ ಬಂದುಹೋದವರು ಸುಮಾರು 6 ಲಕ್ಷ. ಆ ಶರತ್ಕಾಲದಲ್ಲಿ ರಿಯಾಕ್ಟರಿನ ಪಕ್ಕದ ಚಾವಣಿಯ ಮೇಲೆ ಬಿದ್ದ ಗ್ರಾಫೈಟ್ ತುಂಡುಗಳನ್ನು ಯಂತ್ರಗಳಿಂದ ತೆಗೆಯಲಾಗದೆ ಸೈನಿಕರನ್ನೇ ಹತ್ತಿಸಿದರು. ಒಬ್ಬೊಬ್ಬನಿಗೆ ಸಿಕ್ಕಿದ್ದು ಒಂದೆರಡು ನಿಮಿಷ. ಓಡಬೇಕು, ಸಲಿಕೆಯಲ್ಲಿ ಒಂದು ತುಂಡು ಎತ್ತಿ ಕೆಳಗೆಸೆಯಬೇಕು, ಸೈರನ್ ಕೂಗಿದರೆ ವಾಪಸು ಬರಬೇಕು. ಮತ್ತೆ ಹತ್ತುವಂತಿಲ್ಲ. ಹೀಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಹತ್ತಿ ಇಳಿದರು. ಅನುಭವವೆಂಬುದೇ ಯಾರಲ್ಲೂ ನಿಲ್ಲದ ಈ ಕೆಲಸ ಹೇಗೆ ನಡೆಯಿತು? ಹತ್ತುವ ಮೊದಲೇ ಯಾವ ದಾರಿ, ಯಾವ ತುಂಡು, ಎಲ್ಲಿಗೆ ಎಸೆಯಬೇಕು ಎಂದು ತೋರಿಸುತ್ತಿದ್ದರು, ಕೆಲಸವನ್ನು ಎರಡು ನಿಮಿಷಕ್ಕೆ ಕತ್ತರಿಸಿ ಇಟ್ಟಿದ್ದರು. ಜೊತೆಗೆ, ಅಳತೆಯ ಉಪಕರಣ ಹಿಡಿದ ಕೆಲವೇ ಸ್ಕೌಟ್‌ಗಳು ತಮ್ಮ ಆರೋಗ್ಯವನ್ನೇ ತೆತ್ತು ಮತ್ತೆ ಮತ್ತೆ ಮೇಲೆ ಹೋಗಿ ದಾರಿ ಗುರುತಿಸಿ ಬರುತ್ತಿದ್ದರು. ಸಾವಿರಾರು ಜನ ಬದಲಾದರೂ ಮೋರಿ ಎಲ್ಲಿದೆ ಎಂದು ಬಲ್ಲವರು ನಾಲ್ಕಾರು ಜನ ಉಳಿದಿದ್ದರು.

ಕಷ್ಟದ ಪ್ರಕರಣ ಇದಲ್ಲ, ಅರ್ಧಂಬರ್ಧ ಬದಲಾದ ಗುಂಪು. ಎಲ್ಲರೂ ಹೊಸಬರಾದರೆ ತಮಗೇನೂ ಗೊತ್ತಿಲ್ಲ ಎಂದಾದರೂ ಗೊತ್ತಿರುತ್ತದೆ, ಕೇಳುತ್ತಾರೆ. ಆರು ಜನರಲ್ಲಿ ಇಬ್ಬರು ಹೋಗಿ ಇಬ್ಬರು ಬಂದಾಗ ಉಳಿದ ನಾಲ್ವರು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಾರೆ. ಕೈಲ್ ಲೂಯಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳು ಇದೇ. ಹಳಬರು ಹಳೆಯ ಹಂಚಿಕೆಯನ್ನೇ ಹಿಡಿದುಕೊಳ್ಳುತ್ತಾರೆ, ಹೊಸಬನನ್ನು ಹೋದವನ ಅಂಗಿಯೊಳಗೆ ತೂರಿಸುತ್ತಾರೆ. ಹೋದವನು ಪಂಪ್ ರಿಪೇರಿ ಬಲ್ಲವನಾಗಿದ್ದರೆ ಬಂದವನೂ ಪಂಪಿನ ಹತ್ತಿರ ನಿಲ್ಲಬೇಕು. ಅವನು ನಿಜಕ್ಕೂ ಬಲ್ಲದ್ದು ಗಾರೆ ಕೆಲಸವಿರಬಹುದು, ಯಾರೂ ಕೇಳುವುದಿಲ್ಲ. ಅವನೂ ಹೇಳುವುದಿಲ್ಲ, ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದಂತೆ ಸಿಕ್ಕ ಕೆಲಸವನ್ನೇ ಜೋರಾಗಿ ಮಾಡುತ್ತಾನೆ. ಕೆಲಸ ಶುರುವಾಗುವ ಮುನ್ನ ಹಳಬರಿಗೆ, ಈಗ ಯಾರು ಯಾರಿದ್ದೀರಿ, ಯಾರಿಗೇನು ಬರುತ್ತದೆ ಎಂದು ಒಮ್ಮೆ ಯೋಚಿಸಿ ನೋಡಿ ಎಂದಷ್ಟೇ ಹೇಳಿದಾಗ ಆ ನಷ್ಟ ಬಹುಮಟ್ಟಿಗೆ ತಗ್ಗಿತು. ಇಷ್ಟು ಅಗ್ಗದ ಔಷಧ ಆಡಳಿತದಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ, ಅದಕ್ಕೇ ಯಾರೂ ಕೊಳ್ಳುವುದಿಲ್ಲವೋ ಏನೋ.

ಈ ಸೀಮೆಯ ಕಣ್ಣೆದುರಿಗೇ ನಡೆದ ಇನ್ನೊಂದು ಪರೀಕ್ಷೆ 2024ರ ಆಗಸ್ಟ್ 10ರ ರಾತ್ರಿಯದು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಆದವಾನಿ, ಕೌತಾಳಂ, ಎಮ್ಮಿಗನೂರಿನ ಬಯಲಿಗೆ ತುಂಗಭದ್ರೆಯ ಕೆಳಮಟ್ಟದ ಕಾಲುವೆಯೇ ಜೀವ. ತುಂಬಿದ ಜಲಾಶಯ ಕಣ್ಣೆದುರು ಖಾಲಿಯಾಗುತ್ತಿತ್ತು. ಅಣೆಕಟ್ಟೆಯನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯೇ ಎರಡು ರಾಜ್ಯಗಳಿಂದ ನಿಯೋಜನೆಯ ಮೇಲೆ ಬಂದವರ ಕೂಟ. ಆಗ ಅದಕ್ಕೆ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ, ಹೊಸಪೇಟೆಯ ಖಾಸಗಿ ಎಂಜಿನಿಯರಿಂಗ್ ವರ್ಕ್‌ಶಾಪುಗಳು ಸೇರಿದವು. ನಾಲ್ಕಾರು ಕಡೆಯ, ಎಂದೂ ಒಟ್ಟಿಗೆ ದುಡಿಯದ ಕೈಗಳು. ಹರಿಯುವ ನೀರಿನಲ್ಲೇ, 60 ಅಡಿ ಅಗಲದ ಕಂಡಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಳಿಸಿ ಕೂರಿಸಬೇಕು, ತಪ್ಪಿದರೆ ಆಳು ಮತ್ತು ಕ್ರೇನು ಎರಡೂ ಹೋದಾವು. ಆಗಸ್ಟ್ 16ರಂದು ಮೊದಲ ಪಟ್ಟಿ ಕೂತಿತು, ಮರುದಿನದ ಹೊತ್ತಿಗೆ ಐದೂ ಕೂತು ನೀರು ನಿಂತಿತು. ಇದು ಹೊಸಬರ ಗುಂಪಿನ ಗೆಲುವು ಎಂದು ಬರೆದುಕೊಳ್ಳಬಹುದು. ಆದರೆ ನಡುವೆ ನಿಂತಿದ್ದವರು ಎನ್. ಕನ್ನಯ್ಯ ನಾಯ್ಡು, ಎಂಬತ್ತರ ಆಸುಪಾಸಿನ ನಿವೃತ್ತ ಎಂಜಿನಿಯರ್. ಬದುಕಿನುದ್ದಕ್ಕೂ ಅಣೆಕಟ್ಟೆಯ ಗೇಟುಗಳ ಜೊತೆಗೇ ಬಾಳಿದವರು. ಯಾವ ಹುದ್ದೆಯ ಪಟ್ಟಿಯಲ್ಲೂ ಇಲ್ಲದ ಮುದುಕರನ್ನು ಯಾರೋ ನೆನಪಿಸಿಕೊಂಡು ಕರೆಸಿದ್ದರಿಂದ ಉಳಿದ ಕೈಗಳಿಗೆ ದಿಕ್ಕು ಸಿಕ್ಕಿತು. ನೆನಪಿಸಿಕೊಳ್ಳುವವರೂ ವರ್ಗವಾಗಿ ಹೋಗಿದ್ದರೆ?

ವರ್ಗಾವಣೆ ಎನ್ನುವುದು ನಮ್ಮ ವಿಕೋಪ ವ್ಯವಸ್ಥೆಯ ಮೂಳೆಯಲ್ಲೇ ಇದೆ. 2005ರ ವಿಕೋಪ ನಿರ್ವಹಣಾ ಕಾಯಿದೆಯಿಂದ ಹುಟ್ಟಿ 2006ರಲ್ಲಿ ರೂಪುಗೊಂಡ ರಾಷ್ಟ್ರೀಯ ವಿಕೋಪ ಸ್ಪಂದನಾ ಪಡೆ, ಎನ್‌ಡಿಆರ್‌ಎಫ್‌ನ ಜವಾನರು ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳಿಂದ ನಿಯೋಜನೆಯ ಮೇಲೆ ಬರುತ್ತಾರೆ, ಅವಧಿ ಮುಗಿದರೆ ತವರು ಪಡೆಗೆ ಮರಳುತ್ತಾರೆ. ಆದರೂ ಅಲ್ಲಿ ಒಂದು ಜಾಣತನ ಇದೆ. ಒಂದು ಬೆಟಾಲಿಯನ್ನಿನಲ್ಲಿ 45 ಜನರ 18 ತಂಡಗಳು, ತಂಡದೊಳಗೇ ಎಂಜಿನಿಯರ್, ಎಲೆಕ್ಟ್ರಿಷಿಯನ್, ವೈದ್ಯಕೀಯ ಸಿಬ್ಬಂದಿ, ನಾಯಿದಳ. ಕಳಿಸಿದರೆ ತಂಡವನ್ನೇ ಕಳಿಸುತ್ತಾರೆ, ತಲೆ ಎಣಿಸಿ ಕಳಿಸುವುದಿಲ್ಲ. ಅವರ ಹಿಂದೆ ಕೆಸರು ಎತ್ತಲು ಬರುವ ಗುತ್ತಿಗೆ ಪೌರಕಾರ್ಮಿಕರಿಗೆ ಈ ಭಾಗ್ಯವಿಲ್ಲ. ರಕ್ಷಣೆ ತಂಡದ ಕೆಲಸ, ಸ್ವಚ್ಛತೆ ಕೂಲಿ ಕೆಲಸ ಎಂಬ ಭೇದ ಎಲ್ಲೂ ಬರೆದಿಟ್ಟದ್ದಲ್ಲ, ಲಾರಿ ತುಂಬುವ ರೀತಿಯಲ್ಲೇ ಕಾಣುತ್ತದೆ.

ಇಲ್ಲಿ ಜಾತಿಯ ಮಾತು ಎತ್ತದೆ ಹೋಗುವುದು ಸುಳ್ಳಾದೀತು. 2004ರ ಸುನಾಮಿಯ ನಂತರ ನಾಗಪಟ್ಟಿಣಕ್ಕೆ ಶವ ಎತ್ತಲು ಬೇರೆ ಊರಿನ ನಗರಸಭೆಗಳಿಂದ ತಂದವರು ಬಹುತೇಕ ದಲಿತ ಪೌರಕಾರ್ಮಿಕರು ಎಂದು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಯಾರನ್ನು ಸುಲಭವಾಗಿ ಬದಲಿಸಬಹುದೋ ಅವರು ಯಾವಾಗಲೂ ಒಂದೇ ಕೇರಿಯವರು. ಇನ್ನೊಂದು ಮಗ್ಗುಲೂ ಇದೆ. ಮೋರಿ ಎಲ್ಲಿದೆ ಎಂದು ಬಲ್ಲ ಸ್ಥಳೀಯನಿಗೆ ಕೇರಿ ಎಲ್ಲಿ ಶುರುವಾಗುತ್ತದೆ ಎನ್ನುವುದೂ ಗೊತ್ತು, ಯಾರ ಮನೆ ಮೊದಲು, ಯಾರ ಓಣಿ ಕೊನೆಗೆ ಎನ್ನುವುದೂ ಗೊತ್ತು. ದೂರದ ಊರಿನಿಂದ ಬಂದ ಗುಂಪಿಗೆ ಆ ಗೆರೆ ಕಾಣುವುದಿಲ್ಲ. ರಸ್ತೆಯ ಈ ತುದಿಯಿಂದ ಆ ತುದಿಗೆ ನೇರ ಬಳಿದುಕೊಂಡು ಹೋಗುತ್ತದೆ. ಹಳಬರ ತಿಳಿವಳಿಕೆಯಷ್ಟೇ ಹೊಸಬರ ತಿಳಿಯದಿರುವಿಕೆಯೂ ಒಂದೊಂದು ಸಲ ಊರಿಗೆ ಉಪಕಾರ. ಗುಂಪಿನೊಳಗೆ ಆಗಾಗ ಹೊಸಬರು ಬಂದರೆ ಹೊಸ ಯೋಚನೆಗಳು ಹೆಚ್ಚು ಹುಟ್ಟುತ್ತವೆ ಎಂದು ಚಾಯ್ ಮತ್ತು ಥಾಂಪ್ಸನ್ 2005ರ ಪ್ರಯೋಗದಲ್ಲಿ ಕಂಡುಕೊಂಡದ್ದೂ ಇದೇ ದಿಕ್ಕಿನ ಮಾತು. ಹೀಗಾಗಿ ಹಳೆಯ ಗುಂಪನ್ನು ಹಾಗೆಯೇ ಕಾಪಾಡಿ ಎಂಬ ಸಲಹೆಯನ್ನು ಕಣ್ಣು ಮುಚ್ಚಿ ಕೊಡುವಂತಿಲ್ಲ.

ಜಪಾನಿನವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. 1995ರ ಕೋಬೆ ಭೂಕಂಪಕ್ಕೆ ಒಂದು ವರ್ಷದಲ್ಲಿ 13 ಲಕ್ಷದಷ್ಟು ಸ್ವಯಂಸೇವಕರು ಬಂದರು. ಮೊದಮೊದಲು ಬಂದವರಿಗೆ ಏನು ಮಾಡಬೇಕೆಂದು ಹೇಳುವವರೇ ಇಲ್ಲದೆ ಅನೇಕರು ಸುಮ್ಮನೆ ನಿಂತರು. ಆಮೇಲೆ ಬೆಳೆದದ್ದು ವಿಕೋಪ ಸ್ವಯಂಸೇವಾ ಕೇಂದ್ರಗಳ ಪದ್ಧತಿ. ಬೆಳಿಗ್ಗೆ ಬಂದವರನ್ನು ಐದಾರು ಜನರ ಗುಂಪು ಮಾಡಿ, ಒಬ್ಬರನ್ನು ಮುಖಂಡರನ್ನಾಗಿಸಿ, ನಕ್ಷೆ ಮತ್ತು ಸಲಿಕೆ ಕೊಟ್ಟು ಒಂದು ಮನೆಗೆ ಕಳಿಸುತ್ತಾರೆ, ಸಂಜೆ ವಾಪಸು ಬಂದು ಎಷ್ಟಾಯಿತು, ಏನು ಉಳಿಯಿತು ಎಂದು ಹೇಳಿ ಹೋಗಬೇಕು. ಗುಂಪು ದಿನವೂ ಬದಲು, ಕೇಂದ್ರ ನಡೆಸುವ ಸ್ಥಳೀಯ ಸಮಾಜ ಕಲ್ಯಾಣ ಮಂಡಳಿಯವರು ಬದಲಾಗುವುದಿಲ್ಲ. ಕೇರಳದಲ್ಲಿ 2018ರ ಪ್ರಳಯದ ನಂತರ ನಡೆದದ್ದು ಇದರ ತದ್ವಿರುದ್ಧ. ಅಲ್ಲಿ ಮನೆ ತೊಳೆಯಲು ಇಳಿದವರಲ್ಲಿ ಮುಂಚೂಣಿಯಲ್ಲಿದ್ದದ್ದು 1998ರಿಂದಲೂ ನೆರೆಹೊರೆಯ ಕೂಟಗಳಾಗಿ ವಾರವಾರ ಸೇರುತ್ತಿದ್ದ ಕುಟುಂಬಶ್ರೀ ಹೆಂಗಸರು. ಹೊಸದಾಗಿ ಗುಂಪು ಕಟ್ಟುವ ಕೆಲಸವೇ ಇರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡ ಮುಳುಗಿದಾಗ ಆಂಧ್ರ ಸರಕಾರ ಮತ್ತೆ ರಾಜ್ಯದ ಬೇರೆ ಬೇರೆ ಊರುಗಳಿಂದ ಪೌರಕಾರ್ಮಿಕರನ್ನು ಕರೆಸಿತು, ಅಗ್ನಿಶಾಮಕ ವಾಹನಗಳಿಂದ ಮನೆಗಳ ಕೆಸರು ತೊಳೆಸಿತು, ವಾರ್ಡುಗಳಿಗೆ ಹಿರಿಯ ಅಧಿಕಾರಿಗಳನ್ನು ನೇಮಿಸಿತು. ವೇಗ 2009ಕ್ಕಿಂತ ಹೆಚ್ಚಿತ್ತು, ಯಂತ್ರ ಹೆಚ್ಚಿತ್ತು. ಲೆಕ್ಕ ಮಾತ್ರ ಅದೇ, ಇಷ್ಟು ಸಾವಿರ ಜನ, ಇಷ್ಟು ವಾಹನ. ಮುಂದಿನ ನೆರೆಗೆ ಆದವಾನಿಯಿಂದ ಮೂವತ್ತು ಜನರನ್ನು ಕರೆಯಬೇಕಾದರೆ ಮೂರು ಓಣಿಗಳಲ್ಲಿ ಜೊತೆಗೆ ಗುಡಿಸುವ ಹತ್ತು ಹತ್ತು ಜನರನ್ನು, ಅವರ ಮೇಸ್ತ್ರಿಯ ಸಮೇತ, ಒಂದೇ ಲಾರಿಗೆ ಹತ್ತಿಸಬಹುದು. ಇಳಿದಲ್ಲಿ ಪ್ರತಿ ಗುಂಪಿಗೆ ಆ ಊರಿನ ಒಬ್ಬ ನೀರುಗಂಟಿಯನ್ನೋ, ಮೋರಿ ಬಲ್ಲ ಹಳೆಯ ಪೌರಕಾರ್ಮಿಕಳನ್ನೋ ಕೂಲಿ ಕೊಟ್ಟು ಸೇರಿಸಬಹುದು. ಗುಂಪು ವಾಪಸು ಹೋಗುವ ದಿನ ಎಲ್ಲರನ್ನೂ ಒಟ್ಟಿಗೆ ಹೊರಡಿಸದೆ ಇಬ್ಬರನ್ನು ಇನ್ನೊಂದು ದಿನ ಉಳಿಸಿ, ಹೊಸಬರ ಜೊತೆ ಓಣಿ ಸುತ್ತಿಸಿ, ಮೋರಿಯ ಮೇಲೆ ಸುಣ್ಣದ ಗೆರೆ ಎಳೆಸಬಹುದು. ಒಂದು ದಿನದ ಹೆಚ್ಚಿನ ಕೂಲಿಗೆ ಆಡಿಟ್‌ನವರು ಆಕ್ಷೇಪಣೆ ಬರೆದೇ ಬರೆಯುತ್ತಾರೆ, ಒಂದೇ ಕೆಲಸಕ್ಕೆ ಎರಡು ಪಾಳಿಯವರು ಯಾಕೆ ಎಂದು.

ಸಂಕ್ರಾಂತಿ ಕಳೆಯಿತೆಂದರೆ ಕೋಸಿಗಿಯ ಕಡೆಯಿಂದ ಗುಂಟೂರಿಗೆ ಗಾಡಿಗಳು ಹೊರಡುತ್ತವೆ. ಹಾಸಿಗೆಯ ಗಂಟು, ಜೋಳದ ಚೀಲ, ಅಡುಗೆಯ ಪಾತ್ರೆ ಮೊದಲು ಏರುತ್ತವೆ, ಆಮೇಲೆ ಜನ. ಈ ವರ್ಷ ಬಾರದವಳ ಜಾಗಕ್ಕೆ ಅವಳ ತಂಗಿ ಬಂದಿದ್ದರೆ, ಅವಳಿಗೆ ಕೈಯ ವೇಗ ಹೇಗೆ, ಮೆಣಸಿನ ಉರಿ ತಡೆಯುತ್ತದೋ ಇಲ್ಲವೋ, ಯಾರ ಪಕ್ಕದ ಸಾಲಿಗೆ ಹಾಕಿದರೆ ಸರಿ ಎಂಬ ಮಾತು ಗಾಡಿ ಊರು ದಾಟುವುದರೊಳಗೆ ಹೆಂಗಸರ ನಡುವೆ ಆಗಿಹೋಗಿರುತ್ತದೆ.